ಸೋಮವಾರದ ಕೈಗಳು

ಮಾರ್ಚ್ 3, ಸೋಮವಾರ

ಇವತ್ತಿನಿಂದ ಕೈ ನೋಡುವ ಕೆಲಸ ಶುರುವಾಯಿತು. ಭವಿಷ್ಯ ಹೇಳುವುದಕ್ಕಲ್ಲ, ಚರ್ಮ ನೋಡುವುದಕ್ಕೆ. ಪ್ರತಿ ಸೋಮವಾರ, ಬೆಳಗಿನ ಪಾಳಿಯ ಸೈರನ್ನಿಗೆ ಮುಂಚೆ, ಮಷೀನ್ ಶಾಪಿನ ಮೂವತ್ತನಾಲ್ಕು ಜನ ನನ್ನ ಪ್ರಥಮ ಚಿಕಿತ್ಸೆಯ ಕೋಣೆಯ ಮುಂದೆ ಸಾಲು ನಿಲ್ಲಬೇಕು. ಒಬ್ಬೊಬ್ಬರಾಗಿ ಒಳಗೆ ಬಂದು ಮೇಜಿಗೆ ಹಾಸಿದ ಬಿಳಿ ಟವೆಲ್ಲಿನ ಮೇಲೆ ಎರಡೂ ಕೈ ಇಡಬೇಕು. ನಾನು ದೀಪ ಹತ್ತಿರ ಎಳೆದುಕೊಂಡು ನೋಡುತ್ತೇನೆ: ಬೆರಳ ತುದಿ, ಬೆರಳ ಸಂದು, ಅಂಗೈ, ಅದರ ಹಿಂಬದಿ, ಮಣಿಕಟ್ಟು, ಅಲ್ಲಿಂದ ಮೊಣಕೈವರೆಗೆ. ಒಬ್ಬೊಬ್ಬರ ನಂತರವೂ ನನ್ನ ಕೈಗೆ ಸ್ಪಿರಿಟ್. ರಿಜಿಸ್ಟರಿನಲ್ಲಿ ಬರೆಯಬಹುದಾದ ಮಾತು ನಾಲ್ಕೇ: ಸರಿ, ಒಣ, ಬಿರುಕು, ಗಾಯ.

ಸತತ ಮೂರು ಸೋಮವಾರ ಒಬ್ಬರ ಕೈಗೆ ಬಿರುಕು ಅಥವಾ ಗಾಯ ಎಂದು ಬಿದ್ದರೆ ಅವರನ್ನು ಮಷೀನಿನಿಂದ ತೆಗೆದು ಪ್ಯಾಕಿಂಗಿಗೆ ಹಾಕಬೇಕು. ಈ ನಿಯಮ ನನ್ನದೇ. ಮ್ಯಾನೇಜರು ಓದಿ, “ಚೆನ್ನಾಗಿದೆ ಸಿಸ್ಟರ್, ಇದರಲ್ಲಿ ಒಂದು ಸಂಖ್ಯೆ ಇದೆ” ಎಂದರು. ನಮ್ಮ ಮಾಲು ಕೊಳ್ಳುವ ಕಂಪನಿಯವರು ಮೇ ತಿಂಗಳಲ್ಲಿ ಬಂದು ಇದನ್ನೆಲ್ಲ ನೋಡುತ್ತಾರಂತೆ. ಹನ್ನೊಂದು ವರ್ಷ ಗಾಯವಾದ ಮೇಲೆ ಮುಲಾಮು ಹಚ್ಚಿದ್ದೇನೆ. ಬೆನ್ನ ಹಿಂದೆ ನನ್ನನ್ನು ಮುಲಾಮಕ್ಕ ಎನ್ನುತ್ತಾರೆ ಎಂಬುದೂ ಗೊತ್ತು. ಆಗುವ ಮೊದಲೇ ತಡೆಯುವ ಕೆಲಸ ಇದೇ ಮೊದಲು.

ಹನ್ನೊಂದನೆಯದಾಗಿ ಟವೆಲ್ಲಿನ ಮೇಲೆ ಬಂದದ್ದು ನಾನು ದಿನಾ ಬೆಳಿಗ್ಗೆ ಚಹಾದ ಲೋಟದ ಸುತ್ತ ನೋಡುವ ಕೈ. ಅಕ್ಕನ ಗಂಡನದು. ಒಬ್ಬಳೇ ಆದ ಮೇಲೆ ನಾನು ಅವರ ಮನೆಯ ಹಿಂದಿನ ಕೋಣೆಯಲ್ಲೇ ಇದ್ದೇನೆ.

“ಏನು ಸಿಸ್ಟರ್, ಆಯುಷ್ಯ ಎಷ್ಟು ಬರೆದಿದೆ?” ಎಂದರು ಭಾವ. ಸಾಲಿನಲ್ಲಿದ್ದವರು ನಕ್ಕರು. ಕಾರ್ಖಾನೆಯೊಳಗೆ ಅವರು ನನ್ನನ್ನು ಸಿಸ್ಟರ್ ಎಂದೇ ಕರೆಯುವುದು.

ಬಲ ಹೆಬ್ಬೆರಳು, ಬಿರುಕು, ಎರಡು. ಬಲ ತೋರುಬೆರಳು, ಬಿರುಕು, ಒಂದು. ಹಾಗೇ ಬರೆದೆ. ಯಾರ ಕೈ ಎಂಬ ಕಾಲಂ ಎಡಗಡೆ ಇದೆ. ಬಲಗಡೆ ಬರೆಯುವಾಗ ಅತ್ತ ನೋಡಬೇಕಾಗಿಲ್ಲ.

ಮಾರ್ಚ್ 6, ಗುರುವಾರ

ಇಲ್ಲಿ ಮಾಡುವುದು ಪಂಪಿನ ರಾಡು. ಹೆಬ್ಬೆರಳಿನಷ್ಟು ದಪ್ಪ, ಗೇಣಿಗಿಂತ ಸ್ವಲ್ಪ ಉದ್ದ. ಮೇಲ್ಮೈ ಕನ್ನಡಿಯಂತಿರಬೇಕು. ಕೂದಲೆಳೆಯಷ್ಟು ಗೀರಿದ್ದರೂ ಪಂಪಿನೊಳಗಿನ ರಬ್ಬರು ಸವೆದು ಎಣ್ಣೆ ಸೋರುತ್ತದೆ. ರಾಡನ್ನು ಉಜ್ಜುವಾಗ ಅದು ಕಾಯದಿರಲೆಂದು ಬೆಳ್ಳಗಿನ ಎಣ್ಣೆನೀರು ಸುರಿಯುತ್ತಲೇ ಇರುತ್ತದೆ. ಹೆಸರು ಕೂಲಂಟ್, ಇಲ್ಲಿಯವರ ಬಾಯಲ್ಲಿ ಹಾಲು. ಎಂಟು ಗಂಟೆ ಆ ಹಾಲಿನಲ್ಲಿ ಕೈ.

ಗ್ಲೌಸ್ ಹಾಕಿಸುವ ಹಾಗಿಲ್ಲ. ತಿರುಗುವ ಯಂತ್ರಕ್ಕೆ ಗ್ಲೌಸ್ ಸಿಕ್ಕಿಕೊಂಡರೆ ಬೆರಳೂ ಜೊತೆಗೇ ಹೋಗುತ್ತದೆ ಎಂದು ಗೋಡೆಯ ಮೇಲೆ ನಾನೇ ಅಂಟಿಸಿದ ಚಿತ್ರವಿದೆ. ಹಾಕಬಹುದಾಗಿದ್ದರೂ ಭಾವ ಹಾಕುತ್ತಿರಲಿಲ್ಲ. ಅವರು ರಾಡನ್ನು ಪರೀಕ್ಷಿಸುವುದು ಬರಿಗೈಯ ಹೆಬ್ಬೆರಳಿನಿಂದ. ನುಣುಪು ಅಳೆಯುವ ಮೀಟರು ಸರಿ ಎಂದರೂ ಹೆಬ್ಬೆರಳು ಬೇಡ ಎಂದರೆ ಆ ರಾಡು ಪಕ್ಕಕ್ಕೆ. ಮೂವತ್ತು ವರ್ಷದಲ್ಲಿ ಆ ಹೆಬ್ಬೆರಳು ತಪ್ಪಿದ್ದನ್ನು ಯಾರೂ ಕಂಡಿಲ್ಲ. ಅದಕ್ಕೇ ಅವರಿಗೆ ಮೈಕ್ರಾನ್ ಎಂದು, ಕೂದಲೆಳೆಗಿಂತ ಎಷ್ಟೋ ಸಣ್ಣ ಅಳತೆಯ ಹೆಸರು ಬಿದ್ದಿದೆ. ಹೊಸಬರಿಗೆ ಅವರ ನಿಜವಾದ ಹೆಸರು ಗೊತ್ತಿಲ್ಲ.

ಕೈ ತೊಳೆಯುವ ಜಾಗಕ್ಕೆ ಹೋಗಿ ನಿಂತು ನೋಡಿದೆ. ಸೀಮೆಎಣ್ಣೆ, ಮೇಲೆ ಒಂದು ಹಿಡಿ ಮರದ ಹೊಟ್ಟು, ಪಾತ್ರೆ ತಿಕ್ಕಿದ ಹಾಗೆ ತಿಕ್ಕುವುದು. ಮೆತ್ತಗಿನ ಸೋಪು ತರಿಸಿ ಇಟ್ಟಿದ್ದೆನಲ್ಲ, ಯಾಕೆ ಮುಟ್ಟಿಲ್ಲ ಎಂದೆ.

“ಅದು ಉರಿಯೋದೇ ಇಲ್ವಲ್ಲ ಸಿಸ್ಟರ್,” ಎಂದರು ಎರಡನೇ ಗ್ರೈಂಡರು. ರಾಡು ಉಜ್ಜುವವರನ್ನು ಇಲ್ಲಿ ಗ್ರೈಂಡರು ಎನ್ನುತ್ತಾರೆ; ಇವರು ಭಾವನ ಪಕ್ಕದ ಮಷೀನಿನವರು, ಭಾವನೇ ಕೆಲಸ ಕಲಿಸಿದವರು. “ಉರೀದಿದ್ರೆ ಕೊಳೆ ಹೋಯ್ತು ಅಂತ ನಮಗೆ ಹೇಗೆ ಗೊತ್ತಾಗ್ಬೇಕು?”

ನನ್ನ ಬಳಿ ಉತ್ತರವಿತ್ತು. ಹೇಳಿದೆ. ಕೇಳಿಸಿಕೊಂಡರು. ಮತ್ತೆ ಹೊಟ್ಟಿನ ಡಬ್ಬಿಗೆ ಕೈ ಹಾಕಿದರು.

ಮಾರ್ಚ್ 10, ಸೋಮವಾರ

ಬಲ ಹೆಬ್ಬೆರಳು, ಬಿರುಕು, ಮೂರು. ತೋರುಬೆರಳು, ಬಿರುಕು, ಎರಡು. ಎರಡನೇ ಸೋಮವಾರ.

ಒಟ್ಟು ಹದಿಮೂರು ಜನರ ಕೈಯಲ್ಲಿ ಬಿರುಕು ಅಥವಾ ಗಾಯ.

ಮಾರ್ಚ್ 13, ಗುರುವಾರ

ಕೆಲಸಕ್ಕೆ ಮೊದಲು ಹಚ್ಚಿಕೊಳ್ಳುವ ಕ್ರೀಮು ಬಂತು. ನಾನೇ ಮಷೀನಿನಿಂದ ಮಷೀನಿಗೆ ಹೋಗಿ ಹಚ್ಚುವುದನ್ನು ತೋರಿಸಿದೆ. ಮಧ್ಯಾಹ್ನದ ಹೊತ್ತಿಗೆ ತಪಾಸಣೆಯವರು ಇನ್ನೂರು ರಾಡು ವಾಪಸು ಕಳಿಸಿದರು. ಪ್ರತಿಯೊಂದರ ಮೇಲೂ ಜಿಡ್ಡಿನ ಬೆರಳಚ್ಚು.

ಫೋರ್‌ಮನ್ ಕ್ರೀಮಿನ ಡಬ್ಬಿಗಳನ್ನೆಲ್ಲ ಒಂದು ಬುಟ್ಟಿಯಲ್ಲಿ ಹಾಕಿಕೊಂಡು ನನ್ನ ಕೋಣೆಗೆ ಬಂದರು. “ಸಿಸ್ಟರ್, ನಿಮ್ಮ ಮನಸ್ಸು ದೊಡ್ಡದು. ನಮ್ಮ ರಾಡು ಸಣ್ಣದು. ಇದನ್ನ ನೀವೇ ಇಟ್ಕೊಳ್ಳಿ.”

ಇಟ್ಟುಕೊಂಡೆ. ಬೀರುವಿನ ಕೆಳಗಿನ ಖಾನೆ ತುಂಬಿದೆ.

ಮಾರ್ಚ್ 16, ಭಾನುವಾರ

ಬೆಳಿಗ್ಗೆ ಭಾವ ಪೇಟೆಗೆ ಹೋದದ್ದನ್ನೇ ಕಾಯುತ್ತಿದ್ದವಳ ಹಾಗೆ ಅಕ್ಕ ನನ್ನ ಕೋಣೆಗೆ ಬಂದಳು. ಒಣಗಿದ ಬಟ್ಟೆ ಮಡಚುವ ನೆಪ.

“ನಾಳೆ ಮೂರನೇ ಸೋಮವಾರವಂತೆ.”

“ಹೂಂ.”

“ಹೂಂ ಅಂದ್ರೆ?”

“ಹೂಂ ಅಂದ್ರೆ ಹೌದು.”

“ಅವರನ್ನ ಡಬ್ಬ ಕಟ್ಟೋಕೆ ಕೂರಿಸ್ತೀಯಾ? ಮೂವತ್ತು ವರ್ಷ ಆ ಮಷೀನು ಬಿಟ್ಟು ಬೇರೆ ಏನೂ ಗೊತ್ತಿಲ್ಲದ ಮನುಷ್ಯ. ಮನೇಲಿ ಲೋಟ ಕೊಟ್ರೂ ಒಂದ್ಸಲ ಬೆರಳಾಡಿಸಿ ನೋಡ್ತಾರೆ. ಒಂದು ಸಲ ಕಣ್ಣು ಮುಚ್ಕೊಂಡು ಸರಿ ಅಂತ ಬರೆದ್ರೆ ನಿನ್ನ ಗಂಟೇನು ಹೋಗುತ್ತೆ?”

“ಚರ್ಮ ಹೋಗುತ್ತೆ ಅಕ್ಕ. ಅವರದೇ.”

“ಅವರ ಚರ್ಮ ನನಗಿಂತ ನಿನಗೆ ಹೆಚ್ಚು ಗೊತ್ತಾ?” ಎಂದಳು. ಆಮೇಲೆ ತನ್ನ ಮಾತು ತನಗೇ ವಿಚಿತ್ರವಾಗಿ ಕೇಳಿಸಿತೋ ಏನೋ, ದಿಂಬಿನ ಚೀಲವನ್ನು ನಾಲ್ಕು ಮಡಿಕೆ ಮಾಡಿ ನನ್ನ ಮುಂದೆ ಇಟ್ಟಳು. ತೊಳೆದರೂ ಹೋಗದ ಕಂದು ಚುಕ್ಕೆಗಳಿದ್ದವು. “ಹೆಬ್ಬೆರಳು ಕೆನ್ನೆ ಕೆಳಗಿಟ್ಕೊಂಡು ಮಲಗ್ತಾರೆ, ಮಗು ಹಾಗೆ,” ಎಂದಳು.

ನಾನು ನಿಯಮ ಮುರಿಯುವುದಿಲ್ಲ. ಅವಳಿಗೂ ಗೊತ್ತು. ಗೊತ್ತಿದ್ದೂ ಕೇಳಿದಳು.

ಮಾರ್ಚ್ 17, ಸೋಮವಾರ

ಬಲ ಹೆಬ್ಬೆರಳು: ಸರಿ.

ದೀಪವನ್ನು ಇನ್ನೂ ಹತ್ತಿರ ತಂದು ನೋಡಿದೆ. ಬಿರುಕಿನ ಗೆರೆ ಸಣ್ಣಗೆ ಉಳಿದಿದೆ, ಅಂಚು ಎದ್ದಿಲ್ಲ. ಸಿಪ್ಪೆ ಇಲ್ಲ. ನುಣುಪಾಗಿದೆ, ಸ್ವಲ್ಪ ಹೊಳೆಯುತ್ತಲೂ ಇದೆ. ಕಣ್ಣು ಮುಚ್ಚಿಕೊಳ್ಳಬೇಕಾಗಲಿಲ್ಲ. ಕಣ್ಣು ತೆರೆದೇ ಸರಿ ಎಂದು ಬರೆದೆ.

“ಸೋಪು ಭಾವ?” ಎಂದು ಕೇಳಿಬಿಟ್ಟೆ, ಕೆಲಸದ ಜಾಗ ಎಂಬುದನ್ನು ಮರೆತು.

“ಸೋಪೇ ಸಿಸ್ಟರ್,” ಎಂದರು.

ಸಂಜೆ ಮನೆಗೆ ನಡೆದೇ ಬಂದೆ. ಬಸ್ಸು ಬಂದರೂ ಹತ್ತಲಿಲ್ಲ.

ಮಾರ್ಚ್ 24, ಸೋಮವಾರ

ಹದಿಮೂರು ಇದ್ದದ್ದು ಐದಾಗಿದೆ! ಎರಡನೇ ಗ್ರೈಂಡರ ಅಂಗೈ ಕೂಡ ತಿಳಿಯಾಗಿದೆ. ಮ್ಯಾನೇಜರಿಗೆ ಗ್ರಾಫ್ ಬಿಡಿಸಿ ಕೊಟ್ಟೆ. ಇಳಿಯುವ ಗೆರೆ. ಅವರು ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ದೂರಕ್ಕೆ ಮಾಡಿ ನೋಡಿದರು, ಮನೆಗೆ ತೂಗುಹಾಕುವ ಚಿತ್ರ ನೋಡುವ ಹಾಗೆ. ಕೊಳ್ಳುವ ಕಂಪನಿಗೆ ನಿಯಮ ಮತ್ತು ಗ್ರಾಫ್ ಎರಡನ್ನೂ ಇವತ್ತೇ ಕಳಿಸಿದರು.

ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಕೆಲಸಕ್ಕೆ ಒಂದು ಆಕಾರ ಬಂದಂತಾಯಿತು.

ಮಾರ್ಚ್ 27, ಗುರುವಾರ

ಗೇಟಿನ ಹಾಜರಿ ಯಂತ್ರ ಕೆಟ್ಟಿದೆ. ಬೆರಳಿಟ್ಟರೆ ಕೆಂಪು ದೀಪ. ಇವತ್ತು ಹತ್ತು ಹನ್ನೆರಡು ಜನರದು ಹಾಗಾಯಿತು. ಗೇಟಿನವರಿಗೆ ತಮಾಷೆ: “ಏನ್ರಪ್ಪಾ, ರಾತ್ರೋರಾತ್ರಿ ಎಲ್ರೂ ಬೇರೆಯವರಾಗಿಬಿಟ್ರಾ?” ನನ್ನದನ್ನೂ ಎರಡು ಸಲ ತೆಗೆದುಕೊಳ್ಳಲಿಲ್ಲ. ಮೂರನೆಯ ಸಲ ಕಿರುಬೆರಳಿಟ್ಟೆ. ಹಳೆಯ ಯಂತ್ರ, ಬದಲಿಸಬೇಕು.

ಸ್ಟೋರಿನವರು ಬ್ಯಾಂಡೇಜು ಕೊಡಲು ಬಂದು ಗೊಣಗುತ್ತ ಕೂತರು. ತಿಂಗಳಿಗೆ ಸಾಕಾಗುವಷ್ಟು ತರಿಸಿದ್ದ ನಯವಾದ ಎಮರಿ ಹಾಳೆ ವಾರದಲ್ಲೇ ಖಾಲಿಯಂತೆ. “ತಿಂತಾರೋ ಏನೋ ಸಿಸ್ಟರ್.” ಆ ಮರಳುಮರಳಾದ ಹಾಳೆ ಲೋಹ ತಿಕ್ಕುವುದಕ್ಕೆ. ನನಗೆ ಸಂಬಂಧವಿಲ್ಲದ ವಿಷಯ. ಆದರೂ ಕೇಳಿಸಿಕೊಂಡೆ.

ರಾತ್ರಿಯೂಟಕ್ಕೆ ನಿಂಬೆಹಣ್ಣು ಹಿಂಡುವಾಗ ಕೈ ಚುರುಗುಟ್ಟಿತು. ಅಕ್ಕನೇ ಹಿಂಡಿದಳು.

ಏಪ್ರಿಲ್ 6, ಭಾನುವಾರ

ಬೆಳಿಗ್ಗೆ ಹಿತ್ತಿಲಿಗೆ ಬಟ್ಟೆ ಒಣಹಾಕಲು ಹೋದೆ. ಭಾವ ನಲ್ಲಿಯ ಪಕ್ಕದ ಕಲ್ಲಿನ ಮೇಲೆ ಕೂತಿದ್ದರು, ನನಗೆ ಬೆನ್ನು ಹಾಕಿ. ಸಣ್ಣ ಸದ್ದು ಬರುತ್ತಿತ್ತು. ಪೆನ್ಸಿಲು ಚೂಪು ಮಾಡುವಾಗ ಬರುವಂಥದ್ದು. ಮರದ ತುಂಡಿಗೆ ಎಮರಿ ಹಾಳೆ ಸುತ್ತಿ, ಅದನ್ನು ಮಂಡಿಯ ನಡುವೆ ಹಿಡಿದು, ಹೆಬ್ಬೆರಳನ್ನು ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದರು. ಸಮನಾಗಿ, ಅವಸರವಿಲ್ಲದೆ. ಹತ್ತು ಸಲ ಎಳೆದು ನೀರಿಗೆ ಹಿಡಿದು, ಬಿಸಿಲಿಗೆ ತಿರುಗಿಸಿ ನೋಡಿ, ಮತ್ತೆ ಹತ್ತು ಸಲ.

ಕೈಯಲ್ಲಿದ್ದ ಒದ್ದೆ ಬಟ್ಟೆ ಕೆಳಗೆ ಹಾಕಲೂ ಆಗಲಿಲ್ಲ, ಹಗ್ಗಕ್ಕೆ ಹಾಕಲೂ ಆಗಲಿಲ್ಲ.

“ಏನಿದು ಭಾವ?”

ಬೆಚ್ಚಲಿಲ್ಲ. “ಫಿನಿಶಿಂಗು,” ಎಂದರು.

“ಚರ್ಮ ಅದು!”

“ಗೊತ್ತಮ್ಮ. ಮೇಲ್ಮೈ ಒರಟಾದ್ರೆ ಏನ್ಮಾಡ್ಬೇಕು ಅಂತ ಮೂವತ್ತು ವರ್ಷದಿಂದ ಮಾಡ್ಕೊಂಡು ಬಂದಿರೋನಿಗೆ ಹೇಳ್ಕೊಡ್ತೀಯಾ? ದಪ್ಪ ಚರ್ಮಕ್ಕೆ ಏನೂ ಗೊತ್ತಾಗಲ್ಲ. ತೆಳ್ಳಗೆ ಮಾಡಿದ್ರೆ ಮತ್ತೆ ಮಾತಾಡುತ್ತೆ. ಮೊದಲು ನಾನೂರು ನಂಬರಿನ ಹಾಳೆ, ಆಮೇಲೆ ಅದಕ್ಕಿಂತ ನಯದ್ದು, ಆರುನೂರು. ಕೊನೇಲಿ ಸಾವಿರದ್ದು, ಒಂದು ಹನಿ ಎಣ್ಣೆ ಹಾಕಿ.”

“ಎಷ್ಟು ದಿನದಿಂದ?”

“ನಿನ್ನ ಮೂರನೇ ಸೋಮವಾರದ ಹಿಂದಿನ ದಿನದಿಂದ. ಪೇಟೆಗೆ ಹೋಗಿದ್ದೆನಲ್ಲ, ಹಾಳೆ ತರೋಕೆ.” ಆಮೇಲೆ ಸ್ವಲ್ಪ ಹೆಮ್ಮೆಯಿಂದಲೇ ಅಂದರು: “ಬೇರೆಯವರು ಸುಮ್ನೆ ಹೇಗ್ಹೇಗೋ ಉಜ್ಜಿ ರಕ್ತ ಬರಿಸ್ಕೊಳ್ತಿದ್ರು. ನಾನೇ ನಂಬರು ಹೇಳಿಕೊಟ್ಟೆ. ನಿನ್ನ ಗೆರೆ ಇಳೀತಂತಲ್ಲ?”

ಗ್ರಾಫಿನ ವಿಷಯ. ಅಡಿಗೆಮನೆಯ ಕಿಟಕಿಯಲ್ಲಿ ಅಕ್ಕ ನಿಂತಿದ್ದಳು. ಅವಳಿಗೆ ಮೊದಲೇ ಗೊತ್ತಿತ್ತು ಎಂಬುದು ಅವಳು ಪಾತ್ರೆ ತೊಳೆಯುತ್ತಲೇ ಇದ್ದ ರೀತಿಯಲ್ಲಿ ತಿಳಿಯಿತು.

ಏಪ್ರಿಲ್ 7, ಸೋಮವಾರ

ಮೂವತ್ತನಾಲ್ಕು ಜನ. ಎಲ್ಲರ ಹೆಬ್ಬೆರಳೂ ಹೊಳೆಯುತ್ತಿದೆ. ಇಷ್ಟು ದಿನವೂ ಹೀಗೆಯೇ ಹೊಳೆಯುತ್ತಿತ್ತು, ನಾನು ಅದಕ್ಕೆ ಸರಿ ಎಂದು ಹೆಸರಿಟ್ಟಿದ್ದೆ.

ಮ್ಯಾನೇಜರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಮೂರು ಸೋಮವಾರದ ನಿಯಮ ತೆಗೆದುಬಿಡಿ, ಅದಕ್ಕೆ ಹೆದರಿ ಹೀಗೆ ಮಾಡುತ್ತಿದ್ದಾರೆ ಎಂದೆ.

“ತೆಗೆಯೋದು ಹೇಗೆ ಸಿಸ್ಟರ್? ಕಳಿಸಿ ಆಗಿದೆ. ಅವರು ಮೆಚ್ಚಿ ಪತ್ರ ಬೇರೆ ಬರೆದಿದ್ದಾರೆ.”

“ಎಮರಿಯಿಂದ ಕೈ ಉಜ್ಜಿಕೊಳ್ಳುತ್ತಿದ್ದಾರೆ ಸರ್.”

“ಉಜ್ಜಿಕೊಳ್ಳಬೇಡಿ ಅಂತ ಒಂದು ಬೋರ್ಡು ಬರೆಸೋಣ.” ಅವರು ಕೆಟ್ಟವರಲ್ಲ. ನಿಜವಾಗಿಯೂ ಒಂದು ಹಾಳೆ ತೆಗೆದು ಬೋರ್ಡಿನ ಮಾತು ಬರೆಯಲು ಕೂತರು. ‘ಚರ್ಮ ಲೋಹವಲ್ಲ’ ಎಂದು ಬರೆದು, ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಎಂದೆ.

ಎಮರಿ ಬೀಗದೊಳಗಿಡಿ ಎಂದು ಫೋರ್‌ಮನ್ನರಿಗೆ ಹೇಳಿದೆ. “ರಾಡಿಗೆ ಏನು ಹಚ್ಚಲಿ ಸಿಸ್ಟರ್, ನಿಮ್ಮ ಕ್ರೀಮಾ?”

ಏಪ್ರಿಲ್ 14, ಸೋಮವಾರ

ಭಾವನ ಹೆಬ್ಬೆರಳು ಬದನೆಕಾಯಿಯ ಹಾಗೆ ಊದಿದೆ. ಉಜ್ಜಿ ತೆಳ್ಳಗಾದ ಕಡೆ ಹಾಲು ಇಳಿದಿದೆ. ಬೆರಳ ಸಂದಿನಲ್ಲಿ ಬೊಕ್ಕೆ, ಮಣಿಕಟ್ಟಿನವರೆಗೆ ಕೆಂಪು. ಗಾಯ ಎಂದು ಬರೆದೆ. ಈ ಸಲ ಅವರು ಆಯುಷ್ಯ ಕೇಳಲಿಲ್ಲ.

ಏಪ್ರಿಲ್ 16, ಬುಧವಾರ

ಚರ್ಮದ ಡಾಕ್ಟರ ಹತ್ತಿರ ಮೂವರೂ ಹೋದೆವು. ಹಾಲು ಕೊಳೆಯದಿರಲೆಂದು ಹಾಕುವ ಮದ್ದೊಂದಿದೆ, ಭಾವನ ಮೈಗೆ ಅದು ಆಗುವುದಿಲ್ಲ. ಮೊದಲು ಆಗುತ್ತಿತ್ತು, ಈಗ ಇಲ್ಲ.

“ಎಷ್ಟು ದಿನ ದೂರ ಇರ್ಬೇಕು ಡಾಕ್ಟ್ರೇ?” ಎಂದಳು ಅಕ್ಕ.

“ಇನ್ನು ಯಾವತ್ತೂ ಮುಟ್ಟಬಾರದಮ್ಮ. ಮನುಷ್ಯ ಮರೀಬಹುದು, ಚರ್ಮ ಮರೆಯಲ್ಲ.”

ಬಸ್ಸಿನಲ್ಲಿ ಭಾವ ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು, ಯಾರದೋ ಸಾಮಾನು ಹಿಡಿದುಕೊಂಡವರ ಹಾಗೆ.

ಏಪ್ರಿಲ್ 21, ಸೋಮವಾರ

ಭಾವ ಪ್ಯಾಕಿಂಗಿನಲ್ಲಿ. ಮೂರು ಸೋಮವಾರ ಕಾಯಲಿಲ್ಲ.

ಮೇ 5, ಸೋಮವಾರ

ಅವರ ಕೈ ಪೂರ್ತಿ ವಾಸಿಯಾಗಿದೆ. ಹೆಬ್ಬೆರಳಿಗೆ ಹೊಸ ಚರ್ಮ, ತಿಳಿ ಗುಲಾಬಿ. ಹೀಗೂ ಆಗುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ಕಂಡದ್ದು ಇದೇ ಮೊದಲು. ತಡೆಯುವುದು ಎಂದರೆ ಇಷ್ಟೇ: ದೂರ ಇಡುವುದು.

ಅವರು ಪ್ಯಾಕಿಂಗಿನಲ್ಲಿ ರಟ್ಟಿನ ಡಬ್ಬಕ್ಕೆ ಟೇಪು ಹಚ್ಚುತ್ತಾರೆ. ಯಾರೂ ಅವರನ್ನು ಮೈಕ್ರಾನ್ ಎಂದು ಕರೆಯುತ್ತಿಲ್ಲ. ಬೇರೆ ಏನೆಂದು ಕರೆಯಬೇಕೆಂದೂ ಗೊತ್ತಿಲ್ಲ, ಹಾಗಾಗಿ “ಇಲ್ಲಿ ನೋಡಿ” ಎನ್ನುತ್ತಾರೆ.

ಮೇ 8, ಗುರುವಾರ

ರಾಡುಗಳು ವಾಪಸು ಬರುತ್ತಿವೆ. ಮೀಟರಿನ ಪ್ರಕಾರ ಸರಿಯಿವೆ, ಪಂಪಿನಲ್ಲಿ ಹಾಕಿದರೆ ಸೋರುತ್ತವೆ. ಫೋರ್‌ಮನ್ ಊಟದ ಹೊತ್ತಿಗೆ ಆರು ರಾಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಪ್ಯಾಕಿಂಗಿಗೆ ಹೋದರು. ನಾನೂ ಹಿಂದೆಯೇ ಹೋದೆ.

“ಸುಮ್ನೆ ಒಂದ್ಸಲ ಮುಟ್ಟಿ ನೋಡಿ ಸ್ವಾಮಿ. ತೊಳೆದು ತಂದಿದೀನಿ. ಸಿಸ್ಟರ್ ಬೈಯಲ್ಲ.”

ಭಾವ ಕೈ ಒರೆಸಿಕೊಂಡು ಹೆಬ್ಬೆರಳನ್ನು ಮೊದಲ ರಾಡಿನ ಮೇಲೆ ಎಳೆದರು. ಮತ್ತೆ ಎಳೆದರು. ತಿರುಗಿಸಿ ಎಳೆದರು. ಎರಡನೆಯದು. ಮೂರನೆಯದು. ಆರನ್ನೂ ಮುಗಿಸಿ ಮೊದಲನೆಯದಕ್ಕೆ ಬಂದರು.

“ಗೊತ್ತಾಗ್ತಿಲ್ಲ,” ಎಂದರು.

“ಆತುರ ಇಲ್ಲ, ನಿಧಾನಕ್ಕೆ…”

“ನಿಧಾನದ್ದಲ್ಲ. ಇದು ಬೇರೆ ಯಾರದೋ ಬೆರಳು. ನಿನ್ನೆ ಮೊನ್ನೆ ಹುಟ್ಟಿರೋದು. ಇದಕ್ಕೆ ಏನು ಗೊತ್ತು ಪಾಪ?”

ಫೋರ್‌ಮನ್ ರಾಡುಗಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದರು. ಭಾವ ನನ್ನ ಕಡೆ ನೋಡಿದರು. ಆ ನೋಟದಲ್ಲಿ ದೂರು ಇದ್ದಿದ್ದರೆ ಸಹಿಸಬಹುದಿತ್ತು.

ಮೇ 11, ಭಾನುವಾರ

ಭಾವ ಇಡೀ ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಅಕ್ಕ ನನ್ನೊಡನೆ ಮಾತು ಬಿಟ್ಟಿದ್ದಾಳೆ. ತಟ್ಟೆ ಇಡುತ್ತಾಳೆ, ಬಡಿಸುತ್ತಾಳೆ, ಎಲ್ಲ ಸರಿಯಾಗಿಯೇ. ಸಂಜೆ ಮಾತ್ರ ಒಮ್ಮೆ ನನ್ನ ಕೈ ಹಿಡಿದು ತಿರುಗಿಸಿ ನೋಡಿ, “ಇದನ್ನ ಯಾರು ನೋಡ್ತಾರೆ?” ಎಂದಳು.

ನೋಡುವವಳು ನಾನೇ ಅಲ್ಲವೆ ಎಂದೆ. ಸ್ಪಿರಿಟಿಗೆ ಸ್ವಲ್ಪ ಒಣಗಿದೆ, ಅಷ್ಟೆ. ರಿಜಿಸ್ಟರು ಮಷೀನಿನವರದು.

ಮೇ 15, ಗುರುವಾರ

ಏನು ಹೇಳಲಿ! ಭಾವ ಇವತ್ತು ನಲವತ್ತು ರಾಡಿನಲ್ಲಿ ಏಳನ್ನು ಎತ್ತಿ ಪಕ್ಕಕ್ಕಿಟ್ಟರು. ಪಂಪಿನಲ್ಲಿ ಹಾಕಿ ನೋಡಿದರೆ ಏಳೂ ಸೋರಿದವು, ಉಳಿದ ಮೂವತ್ತಮೂರರಲ್ಲಿ ಒಂದೂ ಸೋರಲಿಲ್ಲ. ಬೆರಳಿಗೆ ಬುದ್ಧಿ ಬಂತಾ ಎಂದು ಕೇಳಿದೆ. “ಬಂತು ಬಂತು,” ಎಂದರು, ಆಚೆ ನೋಡುತ್ತ.

ಮ್ಯಾನೇಜರು ಒಂದು ದಾರಿ ಕಂಡುಹಿಡಿದಿದ್ದಾರೆ. ಭಾವ ಮಷೀನು ಮುಟ್ಟುವುದು ಬೇಡ. ಮಷೀನ್ ಶಾಪಿನ ಮೂಲೆಯಲ್ಲಿ, ಸಾಮಾನಿನ ಬೀರುವಿನ ಹಿಂದೆ ಒಂದು ಮೇಜು. ಆದ ರಾಡು ಅಲ್ಲಿಗೆ ಬರಬೇಕು, ಇವರು ಹೌದು ಅಲ್ಲ ಹೇಳಬೇಕು. ಅಲ್ಲಿ ಏನೂ ತಿರುಗುವುದಿಲ್ಲವಾದ್ದರಿಂದ ಗ್ಲೌಸ್ ಹಾಕಬಹುದು. ಗ್ಲೌಸ್ ಹಾಕಿಯೇ ರಾಡು ಹಿಡಿಯಬೇಕೆಂದು ನಾನು ಷರತ್ತು ಹಾಕಿದೆ. ಭಾವ ತಕರಾರಿಲ್ಲದೆ ಒಪ್ಪಿದರು. ತೆಳುವಾದ ರಬ್ಬರಿನೊಳಗಿಂದಲೂ ಅವರಿಗೆ ತಿಳಿಯುತ್ತದಂತೆ. ಮೂವತ್ತು ವರ್ಷದ ಅನುಭವ ಎಂದರೆ ಸುಮ್ಮನೆಯೇ?

ಅಕ್ಕ ಮಾತಾಡಿದಳು. ಸಕ್ಕರೆ ಮುಗಿದಿದೆ ಎಂದಳು.

ಮೇ 20, ಮಂಗಳವಾರ

ಕೊಳ್ಳುವ ಕಂಪನಿಯವರು ಬಂದು ಹೋದರು. ಒಬ್ಬ ಗಂಡಸು, ಒಬ್ಬ ಹೆಂಗಸು. ರಿಜಿಸ್ಟರನ್ನು ಮೊದಲ ಪುಟದಿಂದ ತಿರುವಿದರು. ಬೋರ್ಡು ಓದಿದರು, ಫೋಟೊ ತೆಗೆದುಕೊಂಡರು. ಭಾವನ ಮೇಜಿನ ಮುಂದೆ ನಿಂತಾಗ ಮ್ಯಾನೇಜರು ಅವರ ಕಥೆಯನ್ನು ಆದಿಯಿಂದ ಅಂತ್ಯದವರೆಗೆ ಹೇಳಿದರು, ಎಮರಿಯ ಭಾಗ ಬಿಟ್ಟು. ಭಾವ ಗ್ಲೌಸ್ ಕಳಚಿ ಕೈ ತೋರಿಸಿದರು. ಆ ಹೆಂಗಸು ತನ್ನ ಕೈ ಪಕ್ಕಕ್ಕಿಟ್ಟು, “ನನ್ನದಕ್ಕಿಂತ ಚೆನ್ನಾಗಿದೆ” ಎಂದಳು. ಎಲ್ಲರೂ ನಕ್ಕರು, ಭಾವ ಒಬ್ಬರನ್ನು ಬಿಟ್ಟು.

ಆಮೇಲೆ ಅವಳು ನನ್ನ ಕೈ ಕುಲುಕಲು ಬಂದಳು. ನಾನು ಎರಡೂ ಕೈಯಲ್ಲಿ ರಿಜಿಸ್ಟರು ಹಿಡಿದುಕೊಂಡಿದ್ದೆ, ಬಿಡಲಿಲ್ಲ.

ಮೇ 25, ಭಾನುವಾರ

ಅಕ್ಕ ಮೊದಲಿನ ಹಾಗಾಗಿದ್ದಾಳೆ. ಆದರೆ ಒಂದು ದೂರು. “ಇವರು ನಗೋದೇ ಬಿಟ್ಟಿದ್ದಾರೆ ಕಣೇ. ಪಕ್ಕದ ಮನೆಯವರು ಅಷ್ಟು ತಮಾಷೆ ಹೇಳಿದ್ರೂ ಬಾಯಿ ಬಿಗಿ ಹಿಡ್ಕೊಂಡು ಕೂತಿದ್ರು. ನಕ್ಕರೆ ತುಟಿ ಸೀಳುತ್ತಂತೆ. ಚಹಾನೂ ಆರಿಸಿ ಕುಡೀತಾರೆ.”

ಬಿಸಿಲು ಹೆಚ್ಚಾಗಿದೆ. ನೀರು ಹೆಚ್ಚು ಕುಡಿಯಲು ಹೇಳು ಎಂದೆ. ತುಟಿಗೆ ಹಚ್ಚಲು ಸ್ವಲ್ಪ ವ್ಯಾಸಲೀನು ಕೊಟ್ಟೆ.

ನನಗೆ ಮನೆಯಲ್ಲೂ ಗ್ಲೌಸ್ ಹಾಕಿಕೊಂಡು ಬರೆಯುವುದು ಅಭ್ಯಾಸವಾಗಿದೆ. ಅಕ್ಷರ ದಪ್ಪವಾಗುತ್ತದೆ, ಪೆನ್ನು ಜಾರುವುದಿಲ್ಲ.

ಮೇ 29, ಗುರುವಾರ

ಊಟದ ಸೈರನ್ ಆಗಿತ್ತು. ಶಾಪಿನ ಔಷಧಿ ಪೆಟ್ಟಿಗೆಗೆ ಹತ್ತಿ ತುಂಬಲು ಹೋದೆ. ಮಷೀನುಗಳು ನಿಂತಿದ್ದವು. ಬೀರುವಿನ ಸಂದಿನಲ್ಲಿ ಭಾವ ಕಾಣಿಸಿದರು, ಗೋಡೆಗೆ ಮುಖ ಮಾಡಿ ನಿಂತಿದ್ದರು.

ಗ್ಲೌಸ್ ಹಾಕಿದ ಎರಡೂ ಕೈಯಲ್ಲಿ ರಾಡನ್ನು ಅಡ್ಡಡ್ಡ ಹಿಡಿದು, ಕೊಳಲು ಹಿಡಿದವರ ಹಾಗೆ, ತುಟಿಗೆ ಒತ್ತಿಕೊಂಡಿದ್ದರು. ಕಣ್ಣು ಮುಚ್ಚಿತ್ತು. ರಾಡು ಕೆಳತುಟಿಯ ಮೇಲೆ ಎಡದಿಂದ ಬಲಕ್ಕೆ ನಿಧಾನವಾಗಿ ಸರಿಯಿತು, ತಿರುಗಿತು, ಬಲದಿಂದ ಎಡಕ್ಕೆ ಸರಿಯಿತು. ಬಟ್ಟೆಯಿಂದ ಒರೆಸಿದ್ದರೂ ಅದರ ತುದಿಯಲ್ಲಿ ಹಾಲಿನ ಒಂದು ಬಿಳಿ ಹನಿ ಇತ್ತು. ಆ ರಾಡನ್ನು ಬಲಗಡೆಯ ಟ್ರೇಯಲ್ಲಿಟ್ಟು ಇನ್ನೊಂದನ್ನು ಎತ್ತಿಕೊಂಡರು.

ನಾನು ಕೂಗಬಹುದಿತ್ತು. ಅವರ ಮುಖದಲ್ಲಿ ತಿಂಗಳುಗಳಿಂದ ಕಾಣದಿದ್ದ ನೆಮ್ಮದಿ ಇತ್ತು. ನಾಲ್ಕು ರಾಡು ಮುಗಿಯುವವರೆಗೆ ನೋಡುತ್ತ ನಿಂತೆ. ಹತ್ತಿ ತುಂಬದೆಯೇ ವಾಪಸು ಬಂದೆ.

ಜೂನ್ 2, ಸೋಮವಾರ

ಭಾವ ಗ್ಲೌಸ್ ಕಳಚಿ ಟವೆಲ್ಲಿನ ಮೇಲೆ ಕೈ ಇಟ್ಟರು. ಮೂವತ್ತನಾಲ್ಕು ಜನರಲ್ಲಿ ಅಷ್ಟು ಚೆಂದದ ಕೈ ಇನ್ನೊಂದಿಲ್ಲ. ನಾನು ದೀಪವನ್ನು ಮೇಲಕ್ಕೆತ್ತಿದೆ.

ಕೆಳತುಟಿಯ ನಡುವೆ ಉದ್ದಕ್ಕೆ ಸೀಳು. ಬಲಕ್ಕೆ ಮೂರು ಸಣ್ಣ ಬೊಕ್ಕೆ. ಅಂಚಿಗೆ ಹಳದಿ ಹಕ್ಕಳೆ.

ರಿಜಿಸ್ಟರಿನ ಕಾಲಂ ಮೊಣಕೈಗೆ ಮುಗಿಯುತ್ತದೆ. ಆಚೆ ಎರಡು ಬೆರಳಷ್ಟು ಖಾಲಿ ಜಾಗವಿದೆ. ಡ್ರಾಯರಿನಿಂದ ಸ್ಕೇಲು ತೆಗೆದು ಹಾಳೆಯ ಮೇಲಿಟ್ಟೆ.

“ಏನದು?” ಎಂದರು ಭಾವ, ತುಟಿ ಆದಷ್ಟು ಅಲ್ಲಾಡದ ಹಾಗೆ.

“ಇನ್ನೊಂದು ಕಾಲಂ.”

“ಅದಕ್ಕೂ ಮೂರು ಸೋಮವಾರಾನಾ?”

ನಾನು ಸ್ಕೇಲನ್ನು ನೇರ ಮಾಡಿದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, ಮನೆಯಲ್ಲಿ ಮಾತಾಡುವ ಹಾಗೆ ಮಾತಾಡಿದರು. “ಹಾಕಮ್ಮ, ಬೇಡ ಅನ್ನಲ್ಲ. ಆದ್ರೆ ಆಮೇಲೆ ನನಗೆ ಉಳಿಯೋದು ಕಣ್ಣಿನ ರೆಪ್ಪೆ ಒಂದೇ. ನಾಲಗೆ ನೋಡ್ದೆ. ಅದಕ್ಕೆ ರುಚಿ ಅಡ್ಡ ಬರುತ್ತೆ.”

ತಮಾಷೆಗೆ ಅಂದದ್ದಲ್ಲ. ಮೇಲ್ಮೈಗಳನ್ನು ಒಂದೊಂದಾಗಿ ಪ್ರಯತ್ನಿಸಿ ನೋಡಿದ ಕೆಲಸಗಾರನಂತೆ, ತಿಳಿದದ್ದನ್ನು ಹೇಳಿದರು.

ಕಾಲಂ ಎಳೆದರೆ ರೆಪ್ಪೆ. ರೆಪ್ಪೆಗೂ ಕಾಲಂ ಎಳೆದರೆ ಇನ್ನೆಲ್ಲಿಯೋ. ಪ್ಯಾಕಿಂಗಿಗೆ ಕಳಿಸಿದರೆ ಮತ್ತೆ ಆ ಹಾಸಿಗೆ. ಪೆನ್ನು ಸ್ಕೇಲಿನ ಅಂ‍ಚಿಗೆ ತಾಗಿತ್ತು. ಗೋಡೆಯ ಗಡಿಯಾರದಲ್ಲಿ ಸೈರನ್ನಿಗೆ ಹನ್ನೆರಡು ನಿಮಿಷವಿತ್ತು, ಸಾಲಿನಲ್ಲಿ ಇನ್ನೂ ಇಪ್ಪತ್ತಮೂರು ಜನ.

ಸ್ಕೇಲು ಒಳಗಿಟ್ಟೆ. ಸರಿ ಎಂದು ಬರೆದೆ. ಬರೆದದ್ದರಲ್ಲಿ ಸುಳ್ಳಿಲ್ಲ. ಕಾಲಂ ಕೈಯದು.

ಭಾವ ಗ್ಲೌಸ್ ಹಾಕಿಕೊಂಡು ಹೋದರು. ನಾನು ಕೈಗೆ ಸ್ಪಿರಿಟ್ ಸುರಿದುಕೊಂಡು, ಉರಿ ಇಳಿಯುವವರೆಗೆ ಕಾದು, “ಮುಂದಿನವರು” ಎಂದೆ.

ಎರಡನೇ ಗ್ರೈಂಡರು ಬಂದು ಕೈ ಚಾಚಿದರು. ಅಂಗೈ ತಿಳಿಯಾಗಿತ್ತು. ದೀಪ ಇನ್ನೂ ಮೇಲೆಯೇ ಇತ್ತು, ಬೆಳಕು ಅವರ ಮುಖದ ಮೇಲೆ ಬಿತ್ತು. ಅವರು ಎರಡೂ ತುಟಿಗಳನ್ನು ಬಾಯೊಳಕ್ಕೆ ಎಳೆದುಕೊಂಡು ಕಚ್ಚಿ ಹಿಡಿದರು. ಅವರ ಹಿಂದೆ, ಬಾಗಿಲಿನಿಂದ ಕಾಣುವಷ್ಟು ಉದ್ದಕ್ಕೂ, ಸಾಲಿನಲ್ಲಿ ನಿಂತವರೆಲ್ಲರ ತುಟಿಗಳೂ ಬಾಯೊಳಗಿದ್ದವು.